ಬಿಡದ ಬ್ರೇಕು: ಬಾದಾಮಿ ಸೀಮೆಯ ಫಿರಂಗಿ ಗಾಡಿಯಿಂದ ಸೇನಾ ಜೀಪಿನವರೆಗೆ

ಬಾದಾಮಿಯ ವಾಯವ್ಯಕ್ಕೆ, ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ ಕೆರೂರ ಮತ್ತು ಅದರ ಸುತ್ತಣ ಸೀಮೆಯಲ್ಲಿ ಎರೆನೆಲದ ಬಯಲೂ ಕೆಂಪು ಮರಳುಗಲ್ಲಿನ ಗುಡ್ಡಗಳೂ ಒಂದರ ಪಕ್ಕ ಒಂದು ಬರುವುದರಿಂದ, ಭಾರದ ಬಂಡಿಯನ್ನು ಕೆಸರಿನಿಂದ ಎಳೆದು ತೆಗೆಯುವ ಕೆಲಸದ ಜೊತೆಗೆ ಇಳಿಜಾರಿನಲ್ಲಿ ಅದನ್ನು ತಡೆದು ಹಿಡಿಯುವ ಕೆಲಸವೂ ಇಲ್ಲಿ ಹಾದುಹೋದ ಸೇನೆಗಳ ಪಾಲಿಗೆ ಬಂದಿತ್ತು. 1786ರಲ್ಲಿ ಮರಾಠರು ಮತ್ತು ನಿಜಾಮನ ಸೇನೆ ಕೂಡಿ ಟಿಪ್ಪುವಿನ ವಶದಲ್ಲಿದ್ದ ಬಾದಾಮಿ ಕೋಟೆಗೆ ಮುತ್ತಿಗೆ ಹಾಕಿದಾಗಲೂ, 1818ರ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಥಾಮಸ್ ಮನ್ರೋ ಗದಗ, ಡಂಬಳ, ಹುಬ್ಬಳ್ಳಿಗಳನ್ನು ಹಿಡಿದ ಬಳಿಕ ಬಾದಾಮಿಯನ್ನೂ ಅದರ ಬೆನ್ನಿಗೆ ಬಾಗಲಕೋಟೆಯನ್ನೂ ವಶಪಡಿಸಿಕೊಂಡಾಗಲೂ, ಫಿರಂಗಿಗಳು ಈ ನೆಲದ ಮೇಲೆ ಗಾಲಿಗಳಲ್ಲೇ ಉರುಳಿ ಬಂದವು. ಯುದ್ಧದ ಇತಿಹಾಸ ಬರೆದವರು ಫಿರಂಗಿಯ ಗುಂಡಿನ ತೂಕವನ್ನು ಎಣಿಸಿದಷ್ಟು ಶ್ರದ್ಧೆಯಿಂದ ಅದರ ಗಾಲಿಯ ಕಡೆ ನೋಡಲಿಲ್ಲ.

ಅಂದಿನ ಯುರೋಪಿನ ಫಿರಂಗಿ ಗಾಡಿಗಳಲ್ಲಿ ಇಳಿಜಾರಿಗೆಂದು ಬಳಸುತ್ತಿದ್ದ ಸಾಧನ ಕಬ್ಬಿಣದ ಒಂದು ಪಾದುಕೆ, ಅಂದರೆ ಗಾಡಿಗೆ ಸರಪಳಿಯಿಂದ ಬಿಗಿದು ಗಾಲಿಯ ಅಡಿಗೆ ಇಡುವ ದೋಣಿಯಾಕಾರದ ತಗಡು. ಗಾಲಿ ಅದರ ಮೇಲೆ ಏರಿ ಕುಳಿತೊಡನೆ ತಿರುಗುವುದನ್ನು ಬಿಟ್ಟು ನೆಲದ ಮೇಲೆ ಜಾರುತ್ತಿತ್ತು. ಗಾಡಿಯ ಭಾರವೇ ಗಾಡಿಯನ್ನು ತಡೆಯುತ್ತಿತ್ತು. ಇದನ್ನು ಹಾಕುವುದು ಸುಲಭವಾಗಿತ್ತಾದರೂ ಬಿಡಿಸುವುದು ಹಾಗಿರಲಿಲ್ಲ, ಏಕೆಂದರೆ ಇಳಿಜಾರು ಮುಗಿದ ಮೇಲೆ ಗಾಡಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸದೆ ಪಾದುಕೆ ಕಳಚುತ್ತಿರಲಿಲ್ಲ, ಮತ್ತು ಮುಂದಕ್ಕೆ ಎಳೆಯಲು ಹೂಡಿದ ಎತ್ತುಗಳನ್ನು ಹಿಂದಕ್ಕೆ ನಡೆಸುವುದು ಎಷ್ಟು ಕಷ್ಟವೆಂಬುದನ್ನು ಈ ಭಾಗದ ಒಕ್ಕಲಿಗರಿಗೆ ಹೇಳಬೇಕಾಗಿಲ್ಲ. ಬ್ರೇಕಿನ ಚರಿತ್ರೆಯ ಮುಖ್ಯ ಸಮಸ್ಯೆ ಇಲ್ಲೇ ಕಾಣುತ್ತದೆ: ಗಾಲಿಯನ್ನು ಹಿಡಿಯುವುದಕ್ಕಿಂತ ಹಿಡಿದದ್ದನ್ನು ಬಿಡಿಸುವುದು ಎಷ್ಟೋ ಸಲ ಹೆಚ್ಚು ತೊಡಕಿನದು.

ಎರಡನೆಯ ಮಹಾಯುದ್ಧದಲ್ಲಿ ಬಂದ ವಿಲ್ಲಿಸ್ ಜೀಪಿನ ನಾಲ್ಕೂ ಗಾಲಿಗಳಿಗೆ ದ್ರವದ ಒತ್ತಡದಿಂದ ನಡೆಯುವ ಡ್ರಮ್ ಬ್ರೇಕುಗಳಿದ್ದವು. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಟ ಬ್ರೇಕ್ ಆಯಿಲ್ ಗಾಲಿಯೊಳಗಿನ ಪುಟ್ಟ ವೀಲ್ ಸಿಲಿಂಡರಿನ ಪಿಸ್ಟನ್ನುಗಳನ್ನು ಇಬ್ಬದಿಗೆ ತಳ್ಳಿ, ಲೈನರ್ ಅಂಟಿಸಿದ ಶೂಗಳನ್ನು ಡ್ರಮ್ಮಿಗೆ ಒತ್ತುತ್ತಿತ್ತು. ಕಾಲು ತೆಗೆದಾಗ ಸ್ಪ್ರಿಂಗು ಅವನ್ನು ಹಿಂದಕ್ಕೆ ಎಳೆಯುತ್ತಿತ್ತು. 1943ರಲ್ಲಿ ಭಾರತೀಯ ಸೇನೆಯಲ್ಲಿ ವಾಹನ, ಶಸ್ತ್ರಗಳ ದುರಸ್ತಿಗೆಂದೇ ವಿದ್ಯುತ್ ಮತ್ತು ಯಾಂತ್ರಿಕ ಎಂಜಿನಿಯರುಗಳ ಪ್ರತ್ಯೇಕ ದಳ ರಚನೆಯಾಯಿತು. ಯುದ್ಧ ಮುಗಿದ ಬಳಿಕ ಹೆಚ್ಚುವರಿ ಜೀಪು, ಲಾರಿಗಳು ಮಾರಾಟವಾಗಿ ನಾಗರಿಕರ ಕೈಸೇರಿದವು.

ಸೇನಾ ವಾಹನಕ್ಕೆ ಒಂದು ವಿಶೇಷ ಪೀಡೆಯಿದೆ. ಅದು ಹಳ್ಳ ದಾಟಿ, ಕೆಸರು ತುಂಬಿಕೊಂಡು, ಅನಂತರ ತಿಂಗಳುಗಟ್ಟಲೆ ಡಿಪೋದಲ್ಲಿ ಸುಮ್ಮನೆ ನಿಲ್ಲುತ್ತದೆ. ಗ್ಲೈಕಾಲ್ ಮೂಲದ ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ ನಿಂತಲ್ಲೇ ಸಿಲಿಂಡರಿನ ಒಳಮೈಗೆ ತುಕ್ಕು ಹತ್ತಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಇದೇ ಕಾರಣದಿಂದ ಅಮೆರಿಕದ ಸೇನೆ 1980ರ ದಶಕದಲ್ಲಿ ತೇವ ಹೀರದ ಸಿಲಿಕೋನ್ ದ್ರವಕ್ಕೆ ಬದಲಾಯಿತು.

ಈ ಕಚ್ಚುವ ಪೀಡೆ ಡ್ರಮ್ಮಿಗಷ್ಟೇ ಅಲ್ಲ, ಡಿಸ್ಕ್ ಬ್ರೇಕಿಗೂ ಇದೆ. ಡಿಸ್ಕ್ ಬ್ರೇಕಿಗೆ ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಪೇಟೆಂಟ್ ಪಡೆದಿದ್ದರೂ, 1953ರ ಲೆ ಮಾನ್ಸ್ ಕಾರು ಓಟದಲ್ಲಿ ಅದನ್ನು ಅಳವಡಿಸಿದ್ದ ಜಾಗ್ವಾರ್ ಗೆದ್ದ ಮೇಲೆ ಅದರ ಬಗ್ಗೆ ವಿಶ್ವಾಸ ಹುಟ್ಟಿತು. ಇದರಲ್ಲಿ ಗಾಲಿಯೊಡನೆ ತಿರುಗುವ ತಟ್ಟೆಯನ್ನು ಕ್ಯಾಲಿಪರ್ ಎಂಬ ಎರಕದ ಹಿಡಿಕೆ ಎರಡೂ ಬದಿಯ ಪ್ಯಾಡುಗಳಿಂದ ಒತ್ತುತ್ತದೆ. ಶೂಗಳನ್ನು ಎಳೆಯುವಂಥ ಸ್ಪ್ರಿಂಗು ಇಲ್ಲಿಲ್ಲ. ಪಿಸ್ಟನ್ನಿನ ಸುತ್ತಣ ತೋಡಿನಲ್ಲಿ ಕುಳಿತ ಚೌಕ ಅಂಚಿನ ರಬ್ಬರ್ ಸೀಲು ಒತ್ತಡದಲ್ಲಿ ಕೊಂಚ ಬಾಗಿ, ಒತ್ತಡ ತಗ್ಗಿದೊಡನೆ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಆ ತೋಡಿನಲ್ಲಿ ತುಕ್ಕು ಕಟ್ಟಿದರೆ ಸೀಲು ಬಾಗಲಾರದೆ ಬ್ರೇಕು ಬಿಡುವುದಿಲ್ಲ. ಕೆಲವು ವಾಹನಗಳಲ್ಲಿ ಹಿಂದಿನ ಕ್ಯಾಲಿಪರಿನೊಳಗೇ ಹ್ಯಾಂಡ್ ಬ್ರೇಕಿನ ಸಲಕರಣೆಯೂ ಸೇರಿರುವುದರಿಂದ ಕಚ್ಚಿಕೊಳ್ಳಲು ಅಲ್ಲಿ ಇನ್ನೊಂದು ಜಾಗ ಸಿಗುತ್ತದೆ.

ಕಚ್ಚಿದ ಕ್ಯಾಲಿಪರನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಪಿಸ್ಟನ್ನನ್ನು ಇಕ್ಕಳದಿಂದ ಕೀಳದೆ ದ್ರವದ ಒತ್ತಡದಿಂದಲೇ ನಿಧಾನವಾಗಿ ಹೊರತರಬೇಕು. ಅದರ ಮೈಮೇಲಿನ ಕ್ರೋಮ್ ಲೇಪ ಕುಳಿಬಿದ್ದಿದ್ದರೆ ತಿಕ್ಕಿ ಉಳಿಸುವ ಆಸೆ ಬಿಡಬೇಕು. ಸೀಲಿನ ತೋಡನ್ನು ಉಕ್ಕಿನ ಮೊನೆಯಿಂದ ಕೆರೆಯದೆ ಮರದ ಕಡ್ಡಿಯಿಂದ ಸ್ವಚ್ಛಗೊಳಿಸಿ, ಹೊಸ ಸೀಲಿಗೆ ಬ್ರೇಕ್ ಆಯಿಲನ್ನೇ ಸವರಿ ಕೂರಿಸಬೇಕು. ಎಂಜಿನ್ ಆಯಿಲ್ ಅಥವಾ ಡೀಸೆಲ್ ತಾಗಿದರೆ ರಬ್ಬರು ಉಬ್ಬಿ, ಬಿಡಿಸಿದ ಬ್ರೇಕು ಮತ್ತೆ ಹಿಡಿಯುತ್ತದೆ. ಡೀಸೆಲಿನಲ್ಲಿ ಎಲ್ಲವನ್ನೂ ತೊಳೆಯುವ ಗ್ಯಾರೇಜಿನ ರೂಢಿ ಇಲ್ಲಿ ಮಾತ್ರ ಸಲ್ಲದು. ಕೊನೆಗೆ ಕ್ಯಾಲಿಪರಿನ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಕೊಳವೆಯೊಳಗಿನ ಗಾಳಿಯನ್ನು ಪೂರ್ತಿ ಹೊರಹಾಕಬೇಕಾಗುತ್ತದೆ.

ಭಾರತೀಯ ಸೇನೆ ಬಹುಕಾಲ ಬಳಸಿದ ಮಾರುತಿ ಜಿಪ್ಸಿಯಲ್ಲಿ ಡಿಸ್ಕ್ ಮುಂದಿನ ಗಾಲಿಗಳಿಗಷ್ಟೇ ಬಂದು ಹಿಂದೆ ಡ್ರಮ್ಮೇ ಉಳಿದದ್ದರಿಂದ, ವಿಲ್ಲಿಸ್ ಕಾಲದ ವೀಲ್ ಸಿಲಿಂಡರಿನ ವಿದ್ಯೆ ಹಳತಾಗಲಿಲ್ಲ. ಸೇನೆಯ ಹಳೆಯ ವಾಹನವನ್ನು ಹರಾಜಿನಲ್ಲಿ ಕೊಳ್ಳುವವರು ಎಂಜಿನ್ನಿನ ಸದ್ದಿಗೆ ಮರುಳಾಗುವ ಮುನ್ನ ಹಿಂದಿನ ಎರಡೂ ಗಾಲಿಗಳನ್ನು ಜಾಕಿನ ಮೇಲೆತ್ತಿ, ಗೇರು ಮತ್ತು ಹ್ಯಾಂಡ್ ಬ್ರೇಕು ಬಿಟ್ಟು, ಕೈಯಿಂದ ತಿರುಗಿಸಿ ನೋಡುವುದು ಒಳಿತು.