ಪದೇ ಪದೇ ಪ್ಲಗ್ ಕಪ್ಪಾಗ್ತಿದೆಯಾ? ಹೊಸದು ತಗೊಳೋ ಮುಂಚೆ ಇಷ್ಟು ನೋಡಿ

ಕೆಜಿಎಫ್: ಬೆಳಗಿನ ಜಾವ ನಂದಿದುರ್ಗ, ಚಾಂಪಿಯನ್ ರೀಫ್ ಕಡೆಯಿಂದ ಬೈಕಲ್ಲಿ ಸ್ಟೇಷನ್‌ಗೆ ಹೋಗಿ, ಬೆಂಗಳೂರಿನ ರೈಲು ಹಿಡಿಯೋರಿಗೆ ಕಿಕ್ಕರ್ ಹೊಡೆದು ಹೊಡೆದು ಸುಸ್ತಾಗೋದು ಅಂದ್ರೆ ಏನು ಅಂತ ಹೇಳಬೇಕಿಲ್ಲ. ರೈಲು ತಪ್ಪಿದರೆ ಆ ದಿನದ ಕೂಲಿಯೂ ತಪ್ಪಿದಂತೆ.

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುತೇಕ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಆದರೆ ನಮ್ಮ ಬೀದಿಗಳಲ್ಲಿ ಇವತ್ತಿಗೂ ಕಾರ್ಬೊರೇಟರ್ ಬೈಕುಗಳಿಗೆ ಕಡಿಮೆ ಇಲ್ಲ. ನಮ್ಮ ಮನೆಯ ಹಳೇ 100 ಸಿಸಿ ಬೈಕಿಗೂ ಒಂದೇ ತಿಂಗಳಲ್ಲಿ ಮೂರು ಪ್ಲಗ್ ಹಾಕಿದ್ದೆ. ತಪ್ಪು ಪ್ಲಗ್‌ದಲ್ಲ, ನಂದೇ. ಕಾಯಿಲೆ ಬೇರೆ ಕಡೆ ಇತ್ತು, ಪ್ಲಗ್ ಅದನ್ನ ತೋರಿಸ್ತಿತ್ತು ಅಷ್ಟೇ.

ಪ್ಲಗ್ ಯಾಕೆ ಸಾಯುತ್ತೆ?

ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿಯಾದರೆ ಅದನ್ನೇ ‘ರಿಚ್’ ಅನ್ನೋದು. ಪೂರ್ತಿ ಉರಿಯದೆ ಉಳಿದದ್ದು ಮಸಿಯಾಗಿ ಪ್ಲಗ್‌ನ ಪಿಂಗಾಣಿ ಮೇಲೆ ಕೂರುತ್ತೆ. ಮಸಿಯಲ್ಲಿ ಕರೆಂಟ್ ಹರಿಯುತ್ತೆ. ಹಾಗಾಗಿ ತುದಿಯಲ್ಲಿ ಕಿಡಿ ಹಾರೋ ಬದಲು ಕರೆಂಟ್ ಮಸಿ ಮೇಲಿಂದಲೇ ಸೋರಿ ಹೋಗುತ್ತೆ. ಬೈಕು ಮಿಸ್ಸಿಂಗ್ ಹೊಡೆಯುತ್ತೆ, ಮೈಲೇಜ್ ಇಳಿಯುತ್ತೆ, ಸೈಲೆನ್ಸರಲ್ಲಿ ಕಪ್ಪು ಹೊಗೆ ಬರುತ್ತೆ.

ಮೊದಲು ಪ್ಲಗ್ ನೋಡಿ

ಇಂಜಿನ್ ಬಿಸಿಯಾಗುವಷ್ಟು ದೂರ ಓಡಿಸಿ, ಬಂದ ತಕ್ಷಣ ಆಫ್ ಮಾಡಿ. ತುಂಬಾ ಹೊತ್ತು ಐಡ್ಲಿಂಗಲ್ಲಿ ಬಿಟ್ಟರೆ ಒಳ್ಳೆ ಪ್ಲಗ್ಗೂ ಕಪ್ಪಾಗುತ್ತೆ. ಆರಿದ ಮೇಲೆ ಬಿಚ್ಚಿ ನೋಡಿ.

• ಬಿಸ್ಕತ್ ಬಣ್ಣ: ಸರಿಯಾಗಿದೆ.
• ಒಣ ಕಪ್ಪು ಮಸಿ: ಪೆಟ್ರೋಲ್ ಜಾಸ್ತಿ, ಇಲ್ಲವೇ ಕಿಡಿ ವೀಕು.
• ಒದ್ದೆ, ಪೆಟ್ರೋಲ್ ವಾಸನೆ: ಓವರ್‌ಫ್ಲೋ, ಇಲ್ಲವೇ ಕಿಡಿಯೇ ಇಲ್ಲ.
• ಜಿಡ್ಡು ಕಪ್ಪು, ನೀಲಿ ಹೊಗೆ: ಇಂಜಿನ್ ಆಯಿಲ್ ಉರೀತಿದೆ. ರಿಂಗ್ ಅಥವಾ ವಾಲ್ವ್ ಸೀಲ್ ಕೆಲಸ, ಕಾರ್ಬೊರೇಟರ್ ಮುಟ್ಟಬೇಡಿ.
• ಸುಣ್ಣದಂಥ ಬಿಳಿ: ಪೆಟ್ರೋಲ್ ಕಡಿಮೆ, ಇಂಜಿನ್ ಬಿಸಿಯಾಗ್ತಿದೆ.

ಆರ್‌ಎಕ್ಸ್ 100, ಮೈಸೂರಲ್ಲಿ ತಯಾರಾಗ್ತಿದ್ದ ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ 2ಟಿ ಆಯಿಲ್ ಜಾಸ್ತಿಯಾದರೂ ಪ್ಲಗ್ ಜಿಡ್ಡಾಗುತ್ತೆ.

ಈ ಕ್ರಮದಲ್ಲಿ ಹುಡುಕಿ

ಖರ್ಚಿಲ್ಲದ ಕೆಲಸ ಮೊದಲು, ಬಿಚ್ಚೋ ಕೆಲಸ ಕೊನೆಗೆ.

1. ಚೋಕ್. ಆಫ್ ಮಾಡಿದರೂ ಕೇಬಲ್ ಅಥವಾ ಲಿವರ್ ಅರ್ಧಕ್ಕೇ ನಿಂತಿರಬಹುದು. ಕಾರ್ಬೊರೇಟರ್ ಹತ್ತಿರ ಕಣ್ಣಾರೆ ನೋಡಿ.

2. ಏರ್ ಫಿಲ್ಟರ್. ನಮ್ಮೂರಲ್ಲಿ ಇದು ಮುಖ್ಯ. ಬಂಡೆ ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆ ಮರಳೇ ನಮ್ಮ ಸೈನೈಡ್ ದಿಬ್ಬಗಳು. ಗಣಿ 2001ರಲ್ಲಿ ಮುಚ್ಚಿತು, ಧೂಳು ನಿಂತಿಲ್ಲ. ಗಾಳಿ ಬೀಸಿದಾಗ ಅದು ಫಿಲ್ಟರಿಗೂ ಹೋಗುತ್ತೆ. ಫಿಲ್ಟರ್ ಕಟ್ಟಿಕೊಂಡರೆ ಇಂಜಿನ್ ಗಾಳಿ ಬದಲು ಪೆಟ್ರೋಲನ್ನೇ ಜಾಸ್ತಿ ಎಳೆಯುತ್ತೆ. ನಮ್ಮ ಬೈಕಿನ ಕಾಯಿಲೆಯೂ ಇದೇ. ಫೋಮ್ ಫಿಲ್ಟರ್ ಆದರೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ವಲ್ಪ ಆಯಿಲ್ ಹಚ್ಚಿ ಹಿಂಡಿ ಹಾಕಿ. ಪೇಪರ್ ಫಿಲ್ಟರ್ ತೊಳೆಯಬೇಡಿ, ಬದಲಾಯಿಸಿ. ‘ಪಿಕಪ್ ಬರುತ್ತೆ’ ಅಂತ ಫಿಲ್ಟರ್ ತೆಗೆದೇ ಓಡಿಸೋರಿದ್ದಾರೆ. ಆ ಮರಳು ಸಿಲಿಂಡರ್, ಪಿಸ್ಟನ್ ಎರಡನ್ನೂ ಉಜ್ಜಿ ಹಾಕುತ್ತೆ.

3. ಕಿಡಿ. ಪ್ಲಗ್ ಕ್ಯಾಪ್ ಸಡಿಲ ಇದೆಯಾ, ವೈರ್ ಬಿರುಕು ಬಿಟ್ಟಿದೆಯಾ ನೋಡಿ. ಪ್ಲಗ್ ಗ್ಯಾಪ್ ಕಂಪನಿ ಪುಸ್ತಕದಲ್ಲಿ ಇರೋಷ್ಟೇ ಇರಲಿ. ಬಿಚ್ಚಿದ ಪ್ಲಗ್ಗನ್ನ ಇಂಜಿನ್‌ಗೆ ತಾಗಿಸಿ ಕಿಡಿ ನೋಡುವಾಗ ಪ್ಲಗ್ ತೂತಿನಿಂದ ದೂರ ಹಿಡಿಯಿರಿ. ಅಲ್ಲಿಂದ ಪೆಟ್ರೋಲ್ ಆವಿ ಬರುತ್ತೆ, ಬೆಂಕಿ ಹತ್ತುತ್ತೆ.

4. ಫ್ಲೋಟ್. ರಾತ್ರಿ ಪೆಟ್ರೋಲ್ ಕಾಕ್ ಆನ್ ಇಟ್ಟು, ಬೆಳಗ್ಗೆ ಓವರ್‌ಫ್ಲೋ ಪೈಪಿಂದ ತೊಟ್ಟಿಕ್ಕಿದೆಯಾ ನೋಡಿ. ತೊಟ್ಟಿಕ್ಕಿದ್ದರೆ ಫ್ಲೋಟ್ ಪಿನ್ ಸವೆದಿದೆ, ಇಲ್ಲವೇ ಕಸ ಕೂತಿದೆ. ಇಂಜಿನ್ ಆಯಿಲ್ ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ. ಆಯಿಲ್ ನೀರಾಗಿದೆ ಅಂತ ಅರ್ಥ. ಫ್ಲೋಟ್ ಸರಿ ಮಾಡಿಸಿ, ಆಯಿಲ್ ಬದಲಾಯಿಸಿ.

5. ಟ್ಯೂನಿಂಗ್ ಸ್ಕ್ರೂ. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಸಾಮಾನ್ಯವಾಗಿ ಅದು ಗಾಳಿಯದು, ಹೊರಗೆ ತಿರುಗಿಸಿದರೆ ಪೆಟ್ರೋಲ್ ಪಾಲು ಕಡಿಮೆ. ಇಂಜಿನ್ ಕಡೆ ಇದ್ದರೆ ಉಲ್ಟಾ. ಮುಟ್ಟೋ ಮುಂಚೆ ಎಷ್ಟು ಸುತ್ತು ಇತ್ತು ಅಂತ ಬರೆದಿಟ್ಟುಕೊಳ್ಳಿ, ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸಬೇಡಿ.

6. ಜೆಟ್ ಮತ್ತು ನೀಡಲ್. ಐಡ್ಲಿಂಗಲ್ಲಿ ಮಾತ್ರ ತೊಂದರೆ ಆದರೆ ಪೈಲಟ್ ಜೆಟ್, ಅರ್ಧ ಆಕ್ಸಿಲರೇಟರಲ್ಲಿ ಆದರೆ ನೀಡಲ್, ಫುಲ್ ಕೊಟ್ಟಾಗ ಆದರೆ ಮೇನ್ ಜೆಟ್. ವರ್ಷಗಟ್ಟಲೆ ಓಡಿದ ಗಾಡಿಯಲ್ಲಿ ನೀಡಲ್ ಕೂರೋ ತೂತು ಸವೆದು ದೊಡ್ಡದಾಗಿರುತ್ತೆ. ಅದಕ್ಕೆ ಟ್ಯೂನಿಂಗ್ ಮದ್ದಲ್ಲ, ಪಾರ್ಟ್ ಬದಲಾಯಿಸಬೇಕು.

ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಓಡಿಸಿ, ಮತ್ತೆ ಪ್ಲಗ್ ನೋಡಿ. ಎಲ್ಲಾ ಒಟ್ಟಿಗೆ ಬಿಚ್ಚಿದರೆ ಯಾವುದು ಸರಿ ಹೋಯ್ತು ಅಂತ ಗೊತ್ತಾಗಲ್ಲ. ಹೊಸ ಪ್ಲಗ್ ಹಾಕೋದು ಕಾರಣ ಸಿಕ್ಕ ಮೇಲೆ. ಹಳೇದನ್ನ ಬ್ರಷ್‌ನಲ್ಲಿ ಉಜ್ಜಿ ಸೀಟ್ ಕೆಳಗೆ ಇಟ್ಟಿರಿ, ಜೊತೆಗೆ ಪ್ಲಗ್ ಸ್ಪ್ಯಾನರ್ ಇರಲಿ. ಬೆಳಗಿನ ಜಾವ ಗ್ಯಾರೇಜ್ ಯಾವುದೂ ತೆಗೆದಿರಲ್ಲ.