ಮನೆ ಸಾಮಾನು, ಊರ ಪಾತ್ರೆ ಮತ್ತು ನಮ್ಮ ಸಂಘ: ಒಂದು ಹಿನ್ನೋಟ

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಹಿಂದಿನ ಕಾಲದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಮಾನ್ಯ ಅಧ್ಯಕ್ಷರು ಹೇಳಿದರು. ಸಂಘ ಹುಟ್ಟಿದ ಕಥೆಯನ್ನು ಹಿರಿಯ ನಿರ್ದೇಶಕರೊಬ್ಬರು ಬೇರೆ ಪುಟದಲ್ಲಿ ಬರೆದಿರುವುದರಿಂದ ನಾವು ಬೇರೆ ವಿಷಯ ಆರಿಸಿಕೊಂಡೆವು. ನಮ್ಮ ಹಿಂದಿನವರು ಎಷ್ಟು ಸಾಮಾನಿನಲ್ಲಿ ಸಂಸಾರ ತೂಗಿಸಿದರು, ಆ ಸಾಮಾನು ಹೇಗೆ ಬೆಳೆಯಿತು, ಸಾಲ ಅದರ ಬೆನ್ನಿಗೆ ಹೇಗೆ ಬಂತು, ಇದಕ್ಕೂ ಸಹಕಾರಕ್ಕೂ ಏನು ಸಂಬಂಧ ಎಂಬುದೇ ವಿಷಯ. ನಾವು ಓದಿರುವುದು ಎಸ್.ಎಸ್.ಎಲ್.ಸಿ. ವರೆಗೆ. ಹಿರಿಯರ ಬಾಯಿಂದ ಕೇಳಿದ್ದು, ತರಬೇತಿಗಳಲ್ಲಿ ತಿಳಿದದ್ದು, ಅಲ್ಲಿ ಇಲ್ಲಿ ಓದಿದ್ದು ಎಲ್ಲವನ್ನೂ ಸೇರಿಸಿ ಬರೆದಿದ್ದೇವೆ. ಸದಸ್ಯ ಬಾಂಧವರು ತಾಳ್ಮೆಯಿಂದ ಓದಬೇಕು.

ನಮ್ಮ ತಾತನ ಕಾಲದ ಒಬ್ಬ ಸಾಧಾರಣ ರೈತನ ಮನೆ ಸಾಮಾನನ್ನು ಕೈಬೆರಳು, ಕಾಲ್ಬೆರಳು ಎಣಿಸುವುದರೊಳಗೆ ಎಣಿಸಿ ಮುಗಿಸಬಹುದಿತ್ತು. ಹಿಟ್ಟು ಬೇಯಿಸೋ ಮಡಕೆ, ಸಾರಿನ ಕುಡಿಕೆ, ಮುದ್ದೆ ಕೋಲು, ಎರಡೋ ಮೂರೋ ಕಂಚಿನ ತಟ್ಟೆ, ಒಂದು ಹಿತ್ತಾಳೆ ಚೊಂಬು, ಒಂದು ಹಂಡೆ, ಬೀಸೋ ಕಲ್ಲು, ಒರಳು, ಒನಕೆ, ಮೊರ, ಚಾಪೆ, ಕಂಬಳಿ, ಸೀಮೆಎಣ್ಣೆ ಬುಡ್ಡಿ. ಹೆಂಗಸರಿಗೆ ಎರಡು ಸೀರೆ, ಒಂದು ಉಟ್ಟರೆ ಒಂದು ಒಗೆದು ಒಣಗಿ ಹಾಕಿರೋದು. ಕಂಬಳಿಯಂತೂ ಮಳೆಗೆ ಕೊಪ್ಪೆ, ರಾತ್ರಿಗೆ ಹೊದಿಕೆ, ನೆಂಟರು ಬಂದರೆ ಹಾಸು, ಕಣದಲ್ಲಿ ಕಾಳು ಕಟ್ಟೋ ಗಂಟು, ಹೀಗೆ ನಾಲ್ಕು ಕೆಲಸ ಮಾಡುತ್ತಿತ್ತು. ಹರಿದರೆ ಹೊಲಿಗೆ, ಇನ್ನೂ ಹರಿದರೆ ಎತ್ತಿನ ಬೆನ್ನಿಗೆ. ಎಸೆಯೋದು ಅನ್ನೋ ಮಾತೇ ಇರಲಿಲ್ಲ. ತಿಪ್ಪೆಗೆ ಹೋಗುತ್ತಿದ್ದದ್ದು ಸಗಣಿ, ಬೂದಿ, ಕಸಕಡ್ಡಿ ಮಾತ್ರ, ಅದೂ ಗೊಬ್ಬರವಾಗಿ ಹೊಲಕ್ಕೆ ವಾಪಸು ಬರುತ್ತಿತ್ತು.

ಸಿರಿತನ ಎಂದರೆ ಆಗ ಸಾಮಾನಲ್ಲ, ಕಾಳು. ರಾಗಿ ಇಡಲು ಹಗೇವು ತೆಗೆಯುತ್ತಿದ್ದರು. ನೀರು ನಿಲ್ಲದ ಗಟ್ಟಿ ನೆಲದಲ್ಲಿ, ಮೇಲೆ ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಹಾಸಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಬಡಿದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಅವಸರ ಮಾಡುವಂತಿಲ್ಲ. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಮೊದಲು ಬಾಯಿ ತೆರೆದು ಬಿಡಬೇಕು, ಆಮೇಲೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಇಳಿಯಬಾರದು. ಇದು ತಿಳಿಯದೆ ಇಳಿದು ಪ್ರಾಣ ಬಿಟ್ಟವರ ಕಥೆ ರಾಗಿ ಸೀಮೆಯ ಊರುಗಳಲ್ಲೆಲ್ಲ ಉಂಟು. ಎರಡು ವರ್ಷ ಮಳೆ ಹೋದರೂ ಹಗೇವು ಇದ್ದವನ ಮನೆ ಒಲೆ ಆರುತ್ತಿರಲಿಲ್ಲ. ಹಗೇವು ಇಲ್ಲದವನು ಅದೇ ಮನೆ ಬಾಗಿಲಿಗೆ ಹೋಗಿ ಕಾಳಿಗೆ ಕಾಳು ಬಡ್ಡಿ ಕಟ್ಟಬೇಕಾಗಿತ್ತು. ಇದನ್ನೂ ಮರೆಯದೆ ಬರೆಯಬೇಕು.

ಇಷ್ಟು ಕಡಿಮೆ ಸಾಮಾನಿನಲ್ಲಿ ಮದುವೆ, ಜಾತ್ರೆ, ತಿಥಿ ಹೇಗೆ ನಡೀತಿತ್ತು ಎಂದರೆ, ಮನೆಯಲ್ಲಿ ಇಲ್ಲದ್ದು ಊರಿನಲ್ಲಿ ಇರುತ್ತಿತ್ತು. ದೇವಸ್ಥಾನದ ಉಗ್ರಾಣದಲ್ಲಿ ಊರ ಪಾತ್ರೆಗಳು ಇರುತ್ತಿದ್ದವು. ದೊಡ್ಡ ಕೊಪ್ಪರಿಗೆ, ಅನ್ನ ಬಸಿಯೋ ಪಾತ್ರೆ, ಸೌಟು, ಜಮಖಾನ. ಮದುವೆ ಮನೆಯವರು ಕೇಳಿ ತಂದು, ಬೆಳಗಿ ವಾಪಸು ಕೊಡಬೇಕು. ತಗ್ಗು ಬಿದ್ದರೆ ತಪ್ಪು ಕಾಣಿಕೆ. ಬೇಸಾಯದಲ್ಲೂ ಅಷ್ಟೇ. ಕೂರಿಗೆ ನಾಲ್ಕು ಮನೆಗೆ ಒಂದು ಇದ್ದರೆ ಹೆಚ್ಚು. ಕಬ್ಬಿನ ಗಾಣ, ಬೆಲ್ಲದ ಕೊಪ್ಪರಿಗೆ ಹತ್ತು ಮನೆ ಸೇರಿ ನಡೆಸುವುದು. ನಾಟಿಗೂ ಒಕ್ಕಣೆಗೂ ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕಾಗದವೂ ಇಲ್ಲ, ರುಜುವೂ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಚೆಂದ ಕಾಣುತ್ತದೆ, ಆದರೆ ಅರ್ಧ ಮಾತಾಗುತ್ತದೆ. ಊರ ಪಾತ್ರೆ ಎನ್ನುತ್ತಿದ್ದರೇ ಹೊರತು ಅದು ಇಡೀ ಊರಿಗೆ ಸಿಗುತ್ತಿರಲಿಲ್ಲ. ಹೊಲಗೇರಿಯ ಮದುವೆಗೆ ಆ ಕೊಪ್ಪರಿಗೆ ಹೊರಕ್ಕೆ ಬರುತ್ತಿರಲಿಲ್ಲ. ಅವರು ಮಡಕೆ ಮೇಲೆ ಮಡಕೆ ಇಟ್ಟು ಅಡಿಗೆ ಮಾಡಿದರು. ಇನ್ನು ಹೆಂಗಸರ ಪಾಡು. ಕೋಳಿ ಕೂಗೋ ಮುಂಚೆ ಎದ್ದು ಬೀಸೋ ಕಲ್ಲಿನ ಮುಂದೆ ಕೂತರೆ ಬೆಳಕು ಹರಿಯೋ ಹೊತ್ತಿಗೆ ಆ ದಿನದ ಹಿಟ್ಟು. ಹಿಂದಿನ ಕಾಲವೇ ವಾಸಿ, ಮಿಕ್ಸಿ ಬಂದು ಹೆಂಗಸರು ಸೋಮಾರಿಗಳಾದರು ಎಂದು ಅರಳಿಕಟ್ಟೆ ಮೇಲೆ ಕೂತು ಹೇಳುವ ಗಂಡಸರಿಗೆ ಒಂದು ವಾರ ಆ ಕಲ್ಲನ್ನು ಒಪ್ಪಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಒಲೆಯ ಹೊಗೆ ತಪ್ಪಿಸಿದ ಗ್ಯಾಸೂ, ಹಿಟ್ಟಿನ ಗಿರಣಿಯೂ ಬೇಕಾಗಿದ್ದ ಸಾಮಾನುಗಳೇ.

ಸಾಮಾನಿಗೆ ಒಂದು ಮಿತಿ ಎಲ್ಲಿ ಎಂಬುದನ್ನು ಯಾರೋ ಸಾಧುಸಂತರು ಮಾತ್ರ ಯೋಚಿಸಿದ್ದಲ್ಲ, ಕಾನೂನೂ ಯೋಚಿಸಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಸಾಲಕ್ಕಾಗಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಇದೆ. ಸಾಲಗಾರನ ಮತ್ತು ಅವನ ಹೆಂಡತಿ ಮಕ್ಕಳ ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಧರ್ಮದ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬುದಾರನ ಹತಾರ, ರೈತನಾದರೆ ಬೇಸಾಯದ ಮುಟ್ಟುಗಳು, ಅವನ ಜೀವನಕ್ಕೆ ಬೇಕಾದಷ್ಟು ದನ ಮತ್ತು ಬಿತ್ತನೆ ಬೀಜ. ಓದಿದರೆ ನಮ್ಮ ತಾತನ ಮನೆ ಕಂಡ ಹಾಗೇ ಇದೆ. ಇದಕ್ಕಿಂತ ಕೆಳಗೆ ಮನುಷ್ಯನನ್ನು ಇಳಿಸಬಾರದು ಎಂದು ಸರ್ಕಾರವೇ ಬರೆದುಕೊಂಡಿತು. ಆದರೂ ವಸೂಲಿಗೆ ಬಂದವರು ತಪ್ಪಲೆ, ಬಾಗಿಲು ಹೊತ್ತುಕೊಂಡು ಹೋದದ್ದನ್ನು ಹಳೆಯ ಜನ ನೋಡಿದ್ದಾರೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಆ ದಶಕದಲ್ಲಿ ಮರುಜಪ್ತಿ ಎಂಬ ಚಳವಳಿ ನಡೆಸಿ ಜಪ್ತಾದ ಸಾಮಾನನ್ನು ರೈತರ ಮನೆಗೆ ತಿರುಗಿ ತಂದುಕೊಟ್ಟಿತು. ಹಸಿರು ಶಾಲಿನವರು ಹೊತ್ತು ತಂದ ಪಾತ್ರೆಯ ಬೆಲೆ ಸಂತೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಇದ್ದೀತು, ಮನೆಯವರ ಮಾನದ ಬೆಲೆ ಬೇರೆ.

ಇಲ್ಲಿ ಒಂದು ಮಾತನ್ನು ವಿಚಾರ ಮಾಡಬೇಕು. ರೈತ ಸಾಲಗಾರನಾಗುವುದು ಅವನ ದುಂದಿನಿಂದಲೇ, ಮದುವೆ ಖರ್ಚಿನಿಂದಲೇ ಎಂದು ದೊಡ್ಡವರು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳಲ್ಲಿ ರೈತರು ಎದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಇದರ ವಿಚಾರಣೆಗೆ ನೇಮಕವಾದ ಆಯೋಗವೇ ಮದುವೆ ಖರ್ಚಿನ ಕಾರಣಕ್ಕೆ ಅತಿಯಾದ ಮಹತ್ವ ಕೊಡಲಾಗಿದೆ ಎಂದು ಬರೆಯಿತು. ಕಂದಾಯ, ಮಳೆ, ಬೆಲೆ, ಬಡ್ಡಿ ಇವೆಲ್ಲ ಕೂಡಿ ಮುಳುಗಿಸಿದ್ದನ್ನು ಒಂದು ಊಟದ ಎಲೆ ಮೇಲೆ ಹಾಕುವುದು ನ್ಯಾಯವಲ್ಲ. ಆದರೆ ಇನ್ನೊಂದು ಮಗ್ಗುಲೂ ಇದೆ. ಪಂಜಾಬಿನಲ್ಲಿ ಸಹಕಾರ ಇಲಾಖೆಯಲ್ಲಿದ್ದ ಮಾಲ್ಕಂ ಡಾರ್ಲಿಂಗ್ ಎಂಬ ಅಧಿಕಾರಿ 1925ರಲ್ಲಿ ಪಂಜಾಬ್ ರೈತನ ಸಿರಿ ಮತ್ತು ಸಾಲದ ಬಗ್ಗೆ ಒಂದು ಪುಸ್ತಕ ಬರೆದರು. ಕಾಲುವೆ ನೀರು ಬಂದು, ಭೂಮಿ ಬೆಲೆ ಏರಿದ ಕಡೆ ಸಾಲ ಇಳಿಯಲಿಲ್ಲ, ಏರಿತು ಎಂದು ಅವರು ಕಂಡುಕೊಂಡರು. ಕೊಡುವವನು ಇದ್ದಾಗ ಸಾಲ ಬೆಳೆಯುತ್ತದೆ. ಬಡವನಿಗೆ ಯಾರು ಕೊಡುತ್ತಾರೆ?

ಅದೇ ಪಂಜಾಬಿನಲ್ಲಿ ಉತ್ತಮ ಜೀವನ ಸಂಘ ಎಂಬ ವಿಚಿತ್ರ ಸಹಕಾರ ಸಂಘಗಳು ನಡೆದವು. ಅವು ಸಾಲ ಕೊಡುವ ಸಂಘಗಳಾಗಿರಲಿಲ್ಲ. ಸದಸ್ಯರೇ ಕೂತು ಮದುವೆ, ಮುಂಜಿಗೆ ಇಂತಿಷ್ಟೇ ಖರ್ಚು ಎಂದು ಗೊತ್ತು ಮಾಡಿ, ಮೀರಿದವರಿಗೆ ದಂಡ ಹಾಕುತ್ತಿದ್ದರು. ಒಬ್ಬನೇ ಖರ್ಚು ಕಡಿಮೆ ಮಾಡಿದರೆ ಜಿಪುಣ ಎನಿಸಿಕೊಳ್ಳುತ್ತಾನೆ, ಊರೇ ಮಾಡಿದರೆ ಯಾರ ಮುಖವೂ ಕೆಡುವುದಿಲ್ಲ ಎಂಬುದು ಅದರ ಗುಟ್ಟು. ನಮ್ಮ ಕಡೆ ಕುವೆಂಪು ಅವರ ಮಂತ್ರ ಮಾಂಗಲ್ಯ ಇದೆ. ಅದೇ ರೀತಿಯಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅವರು 1966ರಲ್ಲಿ ಮಾಡಿದರು. ರೈತ ಸಂಘದವರೂ ಊರೂರಲ್ಲಿ ಇಂಥ ಸರಳ ಮದುವೆ ಮಾಡಿಸಿದರು. ಈಗ ಅಪರೂಪ. ಛತ್ರದ ಬಾಡಿಗೆ ಕೊಟ್ಟವನೇ ಬಲ್ಲ.

ಸಹಕಾರದ ಮೂಲವೇ ಈ ಮಿತವ್ಯಯ. ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 1844ರಲ್ಲಿ ನೇಕಾರರೇ ಮೊದಲಾದ 28 ಜನ ಕಸುಬುದಾರರು ತಲಾ ಒಂದು ಪೌಂಡ್ ಕೂಡಿಸಿ ಅಂಗಡಿ ತೆರೆದರು. ಅಂಗಡಿಯಲ್ಲಿ ಇದ್ದದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಇಂಥ ನಾಲ್ಕಾರು ಪದಾರ್ಥ. ಕಲಬೆರಕೆ ಇಲ್ಲ, ತೂಕ ಸರಿ, ಉದ್ರಿ ಇಲ್ಲ. ಕೈಯಲ್ಲಿ ಕಾಸಿದ್ದರೆ ಕೊಳ್ಳು, ಇಲ್ಲದಿದ್ದರೆ ಬೇಡ ಎಂಬುದು ನಿಯಮ. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಮೈಸೂರು ಸಂಸ್ಥಾನವೂ ಅದೇ ವರ್ಷ ತನ್ನದೇ ಸಹಕಾರ ಕಾನೂನು ಮಾಡಿತು. ಸಂಘದಲ್ಲಿ ಉಳಿತಾಯ ಮೊದಲು, ಸಾಲ ಆಮೇಲೆ ಎಂಬ ಮಾತು ಆ ಕಾಲದ್ದು.

ಕಡಿಮೆ ಬಳಸುವುದನ್ನು ಸರ್ಕಾರವೇ ಹೇಳಿದ ಕಾಲವೂ ಇತ್ತು. ಎರಡನೇ ಮಹಾಯುದ್ಧದ ಸಮಯದಲ್ಲಿ ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಎಲ್ಲ ಕಂಟ್ರೋಲ್. ಈಗಲೂ ಮುದುಕರು ನ್ಯಾಯಬೆಲೆ ಅಂಗಡಿಗೆ ಕಂಟ್ರೋಲ್ ಅಂತಲೇ ಹೇಳುತ್ತಾರೆ. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಧಾನ್ಯದ ಅಭಾವ ನೀಗಲು ವಾರಕ್ಕೆ ಒಂದು ಹೊತ್ತು, ಸೋಮವಾರ ರಾತ್ರಿ, ಊಟ ಬಿಡಿ ಎಂದು ಕೇಳಿಕೊಂಡರು. ಪಟ್ಟಣಗಳಲ್ಲಿ ಹೋಟೆಲುಗಳೇ ಆ ರಾತ್ರಿ ಬಾಗಿಲು ಹಾಕಿದವು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಸೋಮವಾರಕ್ಕೆ ಕಾಯುವ ಪ್ರಶ್ನೆ ಇರಲಿಲ್ಲ, ಆ ಮಾತು ಬೇರೆ.

ಆಮೇಲೆ ಬಂದದ್ದು ಹಾಲಿನ ಕಾಲ. 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ಯೋಜನೆ ಶುರುವಾಗಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಆಯಿತು. ನಮ್ಮೂರಿಗೆ ಸಂಘ ಬಂದದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ಮೊದಲನೇ ಬೆಳಿಗ್ಗೆ ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬಿತ್ತು. ಉಗ್ರಾಣದ ಕೊಪ್ಪರಿಗೆ ಮಾಡದ ಕೆಲಸವನ್ನು ಆ ಕ್ಯಾನು ಮಾಡಿತು. ಇದನ್ನು ಸಂಘದ ಲೆಕ್ಕಪತ್ರದಲ್ಲಿ ಎಲ್ಲೂ ಬರೆದಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇವೆ.

ಬಟವಾಡೆ ದುಡ್ಡು ಹೆಂಗಸರ ಕೈಗೆ ಬಂತು, ಮಕ್ಕಳು ಸ್ಕೂಲಿಗೆ ಹೋದರು, ಸಾಹುಕಾರನ ಮನೆ ದಾರಿ ಮರೆಯಿತು. ಜೊತೆಗೇ ಸಾಮಾನೂ ಬಂತು. ಬಟವಾಡೆ ದಿನ ಯಾವುದೆಂದು ನಮ್ಮ ಸದಸ್ಯರಿಗಿಂತ ಚೆನ್ನಾಗಿ ಕಂತಿನ ವ್ಯಾಪಾರಿಗೆ ಗೊತ್ತು. ಡೇರಿ ಮುಂದೆ ಗಾಡಿ ನಿಲ್ಲಿಸಿ ಕುಕ್ಕರು, ಕುರ್ಚಿ, ಬೀರು, ಮಿಕ್ಸಿ. ಈಗ ಮೊಬೈಲಿನಲ್ಲೇ ಕೊಂಡು ಮನೆ ಬಾಗಿಲಿಗೆ ತರಿಸುತ್ತಾರೆ. ಕಂತು ಕಟ್ಟಲು ಗುಂಪು ಸಾಲ, ಆ ಸಾಲಕ್ಕೆ ಇನ್ನೊಂದು ಗುಂಪಿನ ಸಾಲ. ಕೆಲವು ಸಾಲ ಸಂಸ್ಥೆಗಳ ವಸೂಲಿಯ ಕಾಟ ರಾಜ್ಯದಲ್ಲೆಲ್ಲ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ ಎಂದು ಮಾಡಬೇಕಾಯಿತು. ನಮ್ಮೂರಲ್ಲೂ ಕರೆಯುವ ಹಸುವನ್ನೇ ಮಾರಿ ಕಂತು ಕಟ್ಟಿದ ಮನೆಗಳಿವೆ. ಹಸು ಹೋಯಿತು, ಬೀರು ಉಳಿಯಿತು. ಬೀರು ಹಾಲು ಕೊಡುವುದಿಲ್ಲ. ಹೆಸರು ಬರೆಯುವುದು ಸರಿಯಲ್ಲ, ಅವರು ನಮ್ಮ ಸದಸ್ಯರೇ.

ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ಗಾಂಧೀಜಿ ಭೇಟಿ ಕೊಟ್ಟಿದ್ದ ಹಳೆಯ ಖಾದಿ ಕೇಂದ್ರದಲ್ಲಿ ಕೂತು, ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಮಾಡಿದರು. ಹೆಚ್ಚು ಕೊಳ್ಳುವವರು ಕಡಿಮೆ ಮಾಡಬೇಕು ಎಂಬುದು ಅಲ್ಲಿ ಎದ್ದ ಮಾತು. ಹೆಚ್ಚು ಇರುವವರಿಗೆ ಅದು ಮೊದಲು ತಾಗಬೇಕು. ಒಂದು ಹಸು, ಒಂದು ಮಿಕ್ಸಿ ಇರುವ ಮನೆಗೆ ಹೋಗಿ ಉಪದೇಶ ಮಾಡುವ ಧೈರ್ಯ ನಮಗಿಲ್ಲ.

ಆದರೆ ಸಂಘದ ಕೈಲಿ ಆಗುವುದನ್ನು ಮಾಡಬಹುದು. ಬೆಳ್ಳಿಹಬ್ಬಕ್ಕೆ ಪ್ರತಿ ಸದಸ್ಯರಿಗೂ ಒಂದು ಸ್ಟೀಲ್ ಪಾತ್ರೆ ಉಡುಗೊರೆ ಕೊಡಬೇಕೆಂದು ಮಂಡಳಿಯಲ್ಲಿ ಪ್ರಸ್ತಾಪ ಬಂತು. ಅಟ್ಟದ ಮೇಲೆ ಈಗಾಗಲೇ ಇಡಲು ಜಾಗ ಇಲ್ಲ ಎಂದು ಮಹಿಳಾ ನಿರ್ದೇಶಕರೊಬ್ಬರು ಹೇಳಿದರು. ಎರಡು ಸಭೆ ಜೋರಾಗಿ ಚರ್ಚೆಯಾಗಿ, ಬಹುಮತದಿಂದ, ಅದೇ ಹಣದಲ್ಲಿ ಐದುನೂರು ಜನಕ್ಕೆ ಅಡಿಗೆ ಆಗುವ ಪಾತ್ರೆಗಳ ಒಂದು ಸೆಟ್ಟು, ಎರಡು ಮೇವು ಕತ್ತರಿಸುವ ಯಂತ್ರ ಕೊಂಡು ಸಂಘದಲ್ಲಿ ಇಡುವುದೆಂದು ತೀರ್ಮಾನವಾಯಿತು. ಕೆಲವು ಸದಸ್ಯರಿಗೆ ಇದು ಸಮಾಧಾನವಿಲ್ಲ. ಪಕ್ಕದೂರಿನ ಸಂಘದವರು ಮನೆಗೊಂದು ಕೊಟ್ಟರಲ್ಲ ಎಂದು ಕೇಳುತ್ತಿದ್ದಾರೆ. ಕೇಳುವ ಹಕ್ಕು ಅವರಿಗಿದೆ. ಸರ್ವ ಸದಸ್ಯರ ಸಭೆಯಲ್ಲಿ ಮಾತಾಡಲಿ.

ಪಾತ್ರೆಗಳು ಡೇರಿಯ ಹಿಂದಿನ ಕೋಣೆಯಲ್ಲಿವೆ. ಸದಸ್ಯರಾಗಲಿ ಅಲ್ಲದಿರಲಿ, ಯಾವ ಕೇರಿಯವರೇ ಆಗಲಿ, ಬಾಡಿಗೆ ಇಲ್ಲದೆ ತೆಗೆದುಕೊಂಡು ಹೋಗಬಹುದು. ಎಂಟು ದಿನ ಮುಂಚೆ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಬೇಕು. ವಾಪಸು ತರುವಾಗ ತೊಳೆದು, ಒರೆಸಿ, ಮುಚ್ಚಳ ಎಣಿಸಿ ತರಬೇಕು.