ಜಕ್ಕೂರಿನ ಆಚೆ: ವಿಮಾನ ಕಲಿಯಲು ಪರದೇಶಕ್ಕೆ ಹೋದ ದಾರಿ

ಭಾರತದಲ್ಲಿ ಸಾಮಾನ್ಯ ನಾಗರಿಕನೊಬ್ಬ ವಿಮಾನ ಹಾರಿಸಲು ಕಲಿಯುವ ಅವಕಾಶ ತೆರೆದದ್ದು 1928–29ರ ಸುಮಾರಿಗೆ. ಅದಕ್ಕೆ ಮೊದಲು ಆ ಆಸೆಯುಳ್ಳವರು ಇಂಗ್ಲೆಂಡಿನ ಹಡಗು ಹತ್ತಬೇಕಿತ್ತು. ದೆಹಲಿ, ಮುಂಬಯಿ, ಕಲ್ಕತ್ತ, ಕರಾಚಿಗಳಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು ಹುಟ್ಟಿದ ಮೇಲೆ ಆ ಪ್ರಯಾಣದ ಅಗತ್ಯ ತಗ್ಗಿತು. ಮುಂಬಯಿ ಕ್ಲಬ್ಬಿನಲ್ಲಿ ಕಲಿತ ಜೆ.ಆರ್.ಡಿ. ಟಾಟಾ ಅವರಿಗೆ 1929ರ ಫೆಬ್ರವರಿ 10ರಂದು ಲೈಸೆನ್ಸ್ ಸಿಕ್ಕಿತು; ಅದರ ಮೇಲಿದ್ದ ಸಂಖ್ಯೆ ಒಂದು. ವಾಯುಪಡೆಗೆ ಸೇರಬೇಕೆಂದವರಿಗೆ ಮಾತ್ರ ಪರದೇಶ ತಪ್ಪಲಿಲ್ಲ. ಮೊದಲ ಭಾರತೀಯ ಕೆಡೆಟ್‌ಗಳ ತಂಡ 1930ರಲ್ಲಿ ಬ್ರಿಟನ್ನಿನ ಕ್ರಾನ್‌ವೆಲ್ ಕಾಲೇಜಿಗೆ ಹೋಯಿತು. ಎರಡನೇ ಮಹಾಯುದ್ಧ ಶುರುವಾದ ಮೇಲೆ, 1940ರಲ್ಲಿ, ಕ್ಲಬ್ಬುಗಳಲ್ಲಿ ಕಲಿತಿದ್ದ 24 ಮಂದಿ ಭಾರತೀಯ ಪೈಲಟ್‌ಗಳು ಹೆಚ್ಚಿನ ತರಬೇತಿಗೆಂದು ಬ್ರಿಟನ್ನಿಗೇ ತೆರಳಿದರು.

ಯುದ್ಧದ ಕಾಲಕ್ಕೆ ಈ ಹರಿವು ತಿರುಗುಮುರುಗಾದದ್ದು ಕೋಲಾರದಲ್ಲಿ. ಅಲ್ಲಿನ ವಿಮಾನ ನೆಲೆಯಲ್ಲಿ ಬ್ರಿಟಿಷ್ ವಾಯುಪಡೆಯ 1673ನೇ ಪರಿವರ್ತನಾ ಘಟಕವಿತ್ತು; ವಿಮಾನ ಹಾರಿಸಲು ಬಲ್ಲ ತಂಡಗಳನ್ನು ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್‌ಗಳಲ್ಲಿ ಪಳಗಿಸುವುದು ಅದರ ಕೆಲಸ. 1944ರ ನವೆಂಬರ್ 8ರಂದು ಅದೇ ಘಟಕದಿಂದ, ಕೋಲಾರದಲ್ಲೇ, 358ನೇ ಸ್ಕ್ವಾಡ್ರನ್ ರೂಪುಗೊಂಡಿತು. ಮುಂದೆ ಅದು ಬಂಗಾಳದ ದಿಗ್ರಿಗೆ ಹೋಗಿ, ಜಪಾನೀಯರ ಹಿಡಿತದಲ್ಲಿದ್ದ ಪ್ರದೇಶಗಳಲ್ಲಿ ಗುಪ್ತಚರರನ್ನೂ ಸಾಮಗ್ರಿಗಳನ್ನೂ ಇಳಿಸುವ ಕೆಲಸಕ್ಕೆ ನಿಂತಿತು. ಹೊರದೇಶದವರು ಹಾರಾಟ ಕಲಿಯಲು ಕೋಲಾರ ಸೀಮೆಗೆ ಬಂದ ಕಾಲವೊಂದಿತ್ತು ಎಂಬುದು ಜಿಲ್ಲೆಯ ಚಿನ್ನದ ಗಣಿಯಷ್ಟು ಜನಜನಿತವಾಗಿಲ್ಲ.

ನಾಗರಿಕರ ತರಬೇತಿ ಈ ಭಾಗಕ್ಕೆ ಬಂದದ್ದು ಸ್ವಾತಂತ್ರ್ಯದ ಬೆನ್ನಿಗೆ. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಕೊಟ್ಟ ನೆಲದಲ್ಲಿ, ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಲ್ಲಿ, ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ 1949ರಲ್ಲಿ ಶುರುವಾಯಿತು. ಅದರ ಹೊಣೆ ಹೊತ್ತವರು ಕ್ಯಾಪ್ಟನ್ ವಿ. ಸುಂದರಂ, ಅಲ್ಲಿಂದ ಮೊದಲು ತೇರ್ಗಡೆಯಾದವರು ಅವರ ಪತ್ನಿ ಉಷಾ ಸುಂದರಂ. 1950ರ ದಶಕದ ಆರಂಭದಲ್ಲಿ ಮದರಾಸು ಸರ್ಕಾರ ಡಿ ಹ್ಯಾವಿಲೆಂಡ್ ಡವ್ ವಿಮಾನವೊಂದನ್ನು ಕೊಂಡಾಗ, ದಂಪತಿಗಳಿಬ್ಬರೂ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ, ಅದನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ಹಾರಿಸಿಕೊಂಡು ಬಂದರು. ಪಿಸ್ಟನ್ ಎಂಜಿನ್ನಿನ ವಿಮಾನಕ್ಕೆ ಅದು ದಾಖಲೆಯ ವೇಗ. ಜಕ್ಕೂರಿನ ಕಲಿಕೆ ಎಷ್ಟು ಗಟ್ಟಿಯೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣಪತ್ರ ಬೇಕಿರಲಿಲ್ಲ.

ಶಾಲೆಗೆ ಬೇಕಾದ ವಿಮಾನವೂ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನೊಂದಿಗೆ 1940ರ ಡಿಸೆಂಬರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ, ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ–2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿತು. 1958ರಲ್ಲಿ ಬಂದ ಪುಷ್ಪಕ್ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಮಾಡಿದ್ದು: ಎರಡೇ ಸೀಟು, 90 ಅಶ್ವಶಕ್ತಿಯ ಎಂಜಿನ್, ಬಟ್ಟೆ ಹೊದಿಸಿದ ರೆಕ್ಕೆ. ವಿಮಾನ, ಶಾಲೆ, ಸರ್ಕಾರದ ಸಹಾಯಧನ ಮೂರೂ ಒಂದೆಡೆ ಕೂಡಿದ್ದ ಆ ಕಾಲದಲ್ಲಿ ಖಾಸಗಿ ಲೈಸೆನ್ಸಿಗಾಗಿ ಪರದೇಶಕ್ಕೆ ಹೋಗಲು ಕಾರಣಗಳು ಕಡಿಮೆಯಿದ್ದವು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪವಿದ್ಯೆ ಮನೆಯಂಗಳದಲ್ಲೇ ತಂದೆಯಿಂದ ಮಗನಿಗೆ ಇಳಿಯುತ್ತದೆ. ಹಾರಾಟದ ವಿದ್ಯೆಗೆ ಅಂಥ ಭಾಗ್ಯವಿಲ್ಲದಿದ್ದರೂ, ಅದನ್ನು ಅರಸುವ ಜಿಲ್ಲೆಯವರಿಗೆ ಜಕ್ಕೂರು ಒಂದು ಬಸ್ ಪ್ರಯಾಣದ ದೂರದಲ್ಲಿತ್ತು.

ಈ ಅನುಕೂಲ ಬಹಳ ಕಾಲ ಉಳಿಯಲಿಲ್ಲ. ಪುಷ್ಪಕ್‌ಗಳು ಹಳತಾದವು. ಸಣ್ಣ ವಿಮಾನಗಳಿಗೆ ಬೇಕಾದ ಆವ್‌ಗ್ಯಾಸ್ ಇಂಧನ ಹೊರದೇಶದಿಂದಲೇ ಬರಬೇಕಿತ್ತು. ಇಂಡಿಯನ್ ಆಯಿಲ್ ತನ್ನ ವಡೋದರ ರಿಫೈನರಿಯಲ್ಲಿ ತಯಾರಿಸಿದ ಆವ್‌ಗ್ಯಾಸ್ ಮಾರುಕಟ್ಟೆಗೆ ಬಂದದ್ದು 2022ರಲ್ಲಿ. ಜಕ್ಕೂರಿನ ಮಗ್ಗುಲಲ್ಲೇ ಬಳ್ಳಾರಿ ರಸ್ತೆಯ ಮೇಲ್ಸೇತುವೆ ಎದ್ದು, ರನ್‌ವೇಯಲ್ಲಿ ಬಳಸಬಹುದಾದ ಉದ್ದ ಕಡಿಮೆಯಾಯಿತು. ಇಷ್ಟರ ನಡುವೆ ಬೇಡಿಕೆ ಮಾತ್ರ ಏರಿತು. 2003ರಲ್ಲಿ ಜಿ.ಆರ್. ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರುಮಾಡಿದ ಮೇಲೆ ಕಡಿಮೆ ದರದ ವಿಮಾನಯಾನ ಹಬ್ಬಿತು; ಪೈಲಟ್ ಕೆಲಸ ಮಧ್ಯಮ ವರ್ಗದ ಮನೆಗಳ ಮಾತಾಯಿತು. ಖಾಸಗಿ ಲೈಸೆನ್ಸಿನಿಂದ ಮೊದಲುಗೊಂಡು ವಾಣಿಜ್ಯ ಲೈಸೆನ್ಸಿನ ತನಕ ಎಲ್ಲವನ್ನೂ ಅಮೆರಿಕ, ಕೆನಡ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ, ಫಿಲಿಪ್ಪೀನ್ಸ್‌ಗಳಲ್ಲಿ ಮುಗಿಸಿ ಬರುವ ಪದ್ಧತಿ ಬೆಳೆದದ್ದು ಆಗ.

ಈ ದೇಶಗಳಿಗೇ ಜನ ಹೋದದ್ದಕ್ಕೂ ಇತಿಹಾಸದ ಕಾರಣಗಳುಂಟು. ಮಹಾಯುದ್ಧದ ಕಾಲದ ಕಾಮನ್‌ವೆಲ್ತ್ ವಾಯು ತರಬೇತಿ ಯೋಜನೆಯಡಿ ಕೆನಡದಲ್ಲಿ 1.3 ಲಕ್ಷಕ್ಕೂ ಹೆಚ್ಚು ವಿಮಾನ ಸಿಬ್ಬಂದಿ ತಯಾರಾದರು. ಅದಕ್ಕಾಗಿ ಕಟ್ಟಿದ ಎಷ್ಟೋ ನಿಲ್ದಾಣಗಳು ಯುದ್ಧಾನಂತರ ನಾಗರಿಕರಿಗೆ ಸಿಕ್ಕವು. ಅಮೆರಿಕದ ಫ್ಲೋರಿಡಾ, ಅರಿಜೋನಗಳಲ್ಲಿ ವರ್ಷದ ಬಹುಪಾಲು ದಿನ ಹಾರಬಹುದು. ಅಲ್ಲಿ ಸಣ್ಣ ವಿಮಾನ ಸಾಮಾನ್ಯ ವಾಹನ, ಇಂಧನ ಅಗ್ಗ. ಖಾಸಗಿ ಲೈಸೆನ್ಸಿಗೆ ಅಮೆರಿಕ ಕೇಳುವುದು ಕನಿಷ್ಠ 40 ಗಂಟೆಗಳ ಹಾರಾಟ, ಅನುಮೋದಿತ ಪಠ್ಯಕ್ರಮದ ಶಾಲೆಗಳಲ್ಲಾದರೆ 35; ಯುರೋಪಿನ ಲೆಕ್ಕ 45. ಭಾರತದ ನಿಯಮವೂ 40 ಗಂಟೆಯೇ. ವಾಸ್ತವದಲ್ಲಿ ಬಹುತೇಕರಿಗೆ ಇದಕ್ಕಿಂತ ಹೆಚ್ಚು ಗಂಟೆಗಳು ಬೇಕಾಗುತ್ತವೆ. ಜಾಹೀರಾತಿನಲ್ಲಿ ಕಾಣುವ ಶುಲ್ಕಕ್ಕೂ ಕೊನೆಯ ಬಿಲ್ಲಿಗೂ ಅಂತರ ಬೀಳುವುದು ಇಲ್ಲೇ.

ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ ದಾಳಿ ನಡೆಸಿದವರಲ್ಲಿ ಕೆಲವರು ಫ್ಲೋರಿಡಾದ ಶಾಲೆಗಳಲ್ಲಿ ಕಲಿತಿದ್ದರು. ಅಂದಿನಿಂದ ವಿದೇಶಿ ವಿದ್ಯಾರ್ಥಿ ಅಮೆರಿಕದಲ್ಲಿ ತರಬೇತಿ ವಿಮಾನ ಹತ್ತುವ ಮೊದಲು ಭದ್ರತಾ ಇಲಾಖೆಯ ಅನುಮತಿ ಪಡೆಯಬೇಕು. ವೀಸಾ ಕೊಡಿಸುವ ಅರ್ಹತೆ ಎಲ್ಲ ಶಾಲೆಗಳಿಗೂ ಇಲ್ಲ. ಮರಳಿ ಬಂದ ಮೇಲೆ ಇನ್ನೊಂದು ಹಂತವಿದೆ. ಲೈಸೆನ್ಸುಗಳ ಅಂತರರಾಷ್ಟ್ರೀಯ ಮಾನದಂಡ 1948ರಲ್ಲೇ ರೂಪುಗೊಂಡಿದ್ದರೂ ಪರದೇಶದ ಕಾಗದ ಭಾರತದಲ್ಲಿ ತಾನಾಗಿ ನಡೆಯುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ನಡೆಸುವ ವಾಯು ನಿಯಮಗಳ ಪರೀಕ್ಷೆ, ವೈದ್ಯಕೀಯ ತಪಾಸಣೆ, ಲಾಗ್‌ಬುಕ್ ಪರಿಶೀಲನೆ ದಾಟಬೇಕು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪ್ರಕರಣಗಳು ಬಯಲಾದ ಮೇಲೆ ಈ ಪರಿಶೀಲನೆಯ ಮಹತ್ವ ಎಲ್ಲರಿಗೂ ತಿಳಿಯಿತು.

ದೇಶದೊಳಗೂ ಬಾಗಿಲುಗಳು ಮತ್ತೆ ತೆರೆಯುತ್ತಿವೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಐದು ನಿಲ್ದಾಣಗಳಲ್ಲಿ ಒಂಬತ್ತು ತರಬೇತಿ ಶಾಲೆಗಳಿಗೆ ಜಾಗ ಕೊಡಲು ಒಪ್ಪಿತು. ಅವುಗಳಲ್ಲಿ ಬೆಳಗಾವಿ, ಕಲಬುರಗಿ ಎರಡು. ಆದರೂ ಪರದೇಶವನ್ನೇ ಆರಿಸುವವರು ಇಂದಿಗೂ ಇದ್ದಾರೆ. ಅಂಥವರು ಶಾಲೆಯ ಕಟ್ಟಡಕ್ಕಿಂತ ಮೊದಲು ಅಲ್ಲಿ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಬೋಧಕನೊಬ್ಬನಿಗೆ ವಿದ್ಯಾರ್ಥಿಗಳೆಷ್ಟು ಎಂದು ಕೇಳಬೇಕು. ಹೊರಡುವ ಮುನ್ನವೇ ಡಿಜಿಸಿಎ ವೈದ್ಯಕೀಯ ತಪಾಸಣೆ ಮುಗಿಸಿರಬೇಕು. ಪೂರ್ತಿ ಶುಲ್ಕವನ್ನು ಮುಂಗಡ ಕೇಳುವ ಶಾಲೆಯನ್ನು ಬಿಟ್ಟು, ಹಾರಿದ ಗಂಟೆಗಷ್ಟೇ ಹಣ ಪಡೆಯುವ ಶಾಲೆಯನ್ನು ಹುಡುಕಬೇಕು.